ಬ್ಯಾಡಗಿಯ ಅರವತ್ತು ಹೆಬ್ಬೆಟ್ಟು

ರಾಣೆಬೆನ್ನೂರಿನ ಬಸ್ಸಿನಲ್ಲಿ ಕೂತವರಿಗೆ ಬ್ಯಾಡಗಿ ಬಂತು ಎಂದು ಯಾರೂ ಹೇಳಬೇಕಾಗಿಲ್ಲ. ಮೊದಲು ಮುಂದಿನ ಸೀಟಿನ ಅಜ್ಜ ಕೆಮ್ಮುತ್ತಾನೆ, ಆಮೇಲೆ ಕಂಡಕ್ಟರ್ ಸೀನುತ್ತಾನೆ, ಅಷ್ಟರಲ್ಲಿ ಹೆಂಗಸರ ಸೆರಗೆಲ್ಲ ಮೂಗಿಗೆ ಏರಿರುತ್ತದೆ. ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಊರಿನ ಗಾಳಿಯೇ ಬೇರೆ. ಹೊರಗಿನವರು ಈ ಘಾಟನ್ನು ಬಾಯಿ ತುಂಬ ಹೊಗಳುತ್ತಾರೆ, ಆಹಾ ಬ್ಯಾಡಗಿ, ಏನು ಬಣ್ಣ, ಏನು ವಾಸನೆ ಅಂತ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಕೆಮ್ಮಿಗಿಂತ ಮೊದಲು ನಾಚಿಕೆ ಬರುತ್ತದೆ.

ಈ ಫೆಬ್ರುವರಿಯಲ್ಲಿ ಅದೇ ಬಸ್ಸಿನಿಂದ ಇಳಿದೆ. ನಾಲ್ಕು ವರ್ಷ ಈ ಊರಿನ ದಾರಿ ತುಳಿದಿರಲಿಲ್ಲ. ಈಗ ನಾನು ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪುಸ್ತಕದಲ್ಲಿ ಓದಿದ್ದನ್ನು ಜನರ ನಡುವೆ ಹೋಗಿ ಕಲಿಯಬೇಕು, ಕಲಿತದ್ದನ್ನು ಆ ಜನರಿಗೇ ಮರಳಿಸಬೇಕು ಎನ್ನುವ ಒಂದು ಪತ್ರಿಕೆ ನಮ್ಮ ಪಠ್ಯದಲ್ಲಿದೆ. ಅದನ್ನು ಕಲಿಸುತ್ತೇನೆ, ಅದೂ ನಾನು! ಹನ್ನೆರಡು ವಿದ್ಯಾರ್ಥಿಗಳನ್ನು ಎಲ್ಲಿಗಾದರೂ ಕಳಿಸಬೇಕಿತ್ತು. "ಬ್ಯಾಡಗಿ ನಿಮಗ ಗೊತ್ತಿರೂ ಊರಲ್ರಿ ಮೇಡಂ, ಅಲ್ಲೇ ಮಾಡ್ರಿ" ಎಂದು ಪ್ರಿನ್ಸಿಪಾಲರು ಅನುಮತಿ ಕೇಳುವ ಪತ್ರವನ್ನು ಕೈಗೆ ಕೊಟ್ಟು ಕಳಿಸಿದ್ದರು. ನೇರವಾಗಿ ಮೆಣಸಿನಕಾಯಿ ಶೆಡ್ಡಿಗೆ ಹೋಗುವ ಧೈರ್ಯ ಸಾಲದೆ ಮಾರುಕಟ್ಟೆ ಎದುರಿನ ಚಹಾದಂಗಡಿಯಲ್ಲಿ ಕೂತೆ. ಒಂದು ಚಹಾ ಮುಗಿಯಿತು, ಇನ್ನೊಂದು ಹೇಳಿದೆ.

ಆ ವರ್ಷ ನಾನು ಹಾವೇರಿಯಲ್ಲಿ ಸಮಾಜಕಾರ್ಯದ ಸ್ನಾತಕೋತ್ತರ ತರಗತಿಯಲ್ಲಿದ್ದೆ. ನಮ್ಮೂರು ಕರ್ಜಗಿ, ಅಪ್ಪನದು ಹಿಟ್ಟಿನ ಗಿರಣಿ. ಬೆಳಗಿನ ಬಸ್ಸಿಗೆ ಹಾವೇರಿಗೆ ಹೋಗಿ ಸಂಜೆ ಮನೆ ಸೇರುತ್ತಿದ್ದೆ. ಮನೆಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ ಆದ್ದರಿಂದ ತಲೆ ಸ್ವಲ್ಪ ಮೇಲೆಯೇ ಇತ್ತು. ಎರಡನೇ ಸೆಮಿಸ್ಟರಿನಲ್ಲಿ ಈ ಪತ್ರಿಕೆ ಬಂತು. ವಾರಕ್ಕೆ ಎರಡು ದಿನ ಒಂದು ಸಮುದಾಯದಲ್ಲಿ ಇರಬೇಕು, ಅರವತ್ತು ಜನರನ್ನು ಮಾತಾಡಿಸಿ ಫಾರ್ಮು ತುಂಬಬೇಕು, ವರದಿ ಬರೆಯಬೇಕು, ಕೊನೆಗೆ ಆ ಜನರನ್ನೇ ಕರೆಸಿ ಅವರೆದುರು ಒಪ್ಪಿಸಬೇಕು. ನನ್ನ ಪಾಲಿಗೆ ಬಂದದ್ದು ಬ್ಯಾಡಗಿಯಲ್ಲಿ ತುಂಬು ಬಿಡಿಸುವ ಹೆಂಗಸರು. ತುಂಬು ಅಂದರೆ ಮೆಣಸಿನಕಾಯಿಯ ತೊಟ್ಟು. ಒಣಗಿದ ಕಾಯಿಯಿಂದ ಅದನ್ನು ಒಂದೊಂದಾಗಿ ಕೈಯಿಂದಲೇ ಮುರಿಯಬೇಕು.

ಮಾರುಕಟ್ಟೆಯ ಹಿಂದೆ ಒಬ್ಬ ವ್ಯಾಪಾರಿಯ ತಗಡಿನ ಶೆಡ್ಡು. ಒಳಗೆ ಕಾಲಿಟ್ಟ ದಿನ ಐದು ನಿಮಿಷ ನಿಲ್ಲಲಿಲ್ಲ, ಕಣ್ಣು ಮೂಗೆಲ್ಲ ಸೋರಿ ಹೊರಗೆ ಓಡಿ ಬಂದೆ. ಒಳಗಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಗೋಣಿಚೀಲ ಹಾಸಿಕೊಂಡು, ಬಾಯಿಗೆ ಬಟ್ಟೆ ಬಿಗಿದು, ಕೆಂಪು ರಾಶಿಯ ಸುತ್ತ ಬೆಳಗಿನಿಂದ ಸಂಜೆಯ ತನಕ ಕೂರುವವರು ಅವರು. ಬೆರಳ ತುದಿ ಉರಿಯುತ್ತದೆಂದು ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ಒಬ್ಬರು ಕೆಮ್ಮಿದರೆ ಅದು ಸಾಲು ಹಿಡಿದು ಕೊನೆಯವರ ತನಕ ಹೋಗುತ್ತಿತ್ತು. ಆ ವರ್ಷ ಬಿಸಿಲೂ ಬೇಗನೇ ಏರಿತ್ತು. ಹನ್ನೊಂದು ಗಂಟೆಗೇ ತಗಡು ಕಾದು, ಧೂಳು ಕೆಳಗಿಳಿಯದೆ ಗಾಳಿಯಲ್ಲೇ ನಿಂತಿರುತ್ತಿತ್ತು.

ಎರಡು ವಾರವಾದರೂ ನನ್ನ ಒಂದು ಫಾರ್ಮೂ ತುಂಬಲಿಲ್ಲ. ಮಾತೇನೋ ಆಡುತ್ತಿದ್ದರು, ಮಾತಿಗೇನು ಬರ! ಆದರೆ ಪ್ರತಿ ಫಾರ್ಮಿನ ಕೊನೆಗೆ ಒಪ್ಪಿಗೆಯ ಸಹಿ ಬೇಕಿತ್ತು, ಸಹಿ ಬಾರದವರದು ಹೆಬ್ಬೆಟ್ಟು. ಅಲ್ಲಿಗೆ ಬಂದು ಎಲ್ಲವೂ ನಿಲ್ಲುತ್ತಿತ್ತು. ನಾನು ಕಾಲೇಜಿನಲ್ಲಿ ಹೇಳಿಕೊಟ್ಟಂತೆ, ಇದು ಅಧ್ಯಯನಕ್ಕಾಗಿ ಮಾತ್ರ, ಇದರಿಂದ ನಿಮಗೆ ಯಾವ ಸೌಲಭ್ಯವೂ ಸಿಗುವುದಿಲ್ಲ ಎಂದು ನಿಯತ್ತಾಗಿ ಒಪ್ಪಿಸುತ್ತಿದ್ದೆ. ಗಂಗವ್ವ ಎಂಬ ಹಿರಿಯಳು ಒಂದು ದಿನ ಕೇಳಿಯೇಬಿಟ್ಟಳು. "ಏನೂ ಕೊಡೂದಿಲ್ಲ ಅಂತಿ. ಮತ್ತ ಹೆಬ್ಬಟ್ಟ ಯಾಕ ಬೇಕವಾ ನಿನಗ?" ಅವಳ ಪ್ರಶ್ನೆ ಸರಿಯಾಗಿಯೇ ಇತ್ತು. ಅವರ ಬದುಕಿನಲ್ಲಿ ಹೆಬ್ಬೆಟ್ಟು ಅಂದರೆ ರೇಷನ್ನು, ಪಿಂಚಣಿ, ಮನೆಯ ಅರ್ಜಿ. ಸುಮ್ಮನೆ ಓದಿಗೆಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರನ್ನು ಅವರು ಕಂಡೇ ಇರಲಿಲ್ಲ.

ನನ್ನ ಮಾರ್ಗದರ್ಶಕರಾಗಿದ್ದ ಪಾಟೀಲ ಸರ್ ಹತ್ತಿರ ಅಳುಮುಖ ಮಾಡಿಕೊಂಡು ಹೋದೆ. "ಅರವತ್ತು ಆಗಲಿಲ್ಲ ಅಂದ್ರ ವರದಿ ತಗೊಳ್ಳಾಕ ಆಗೂದಿಲ್ಲ ನೋಡವಾ. ಹೆಂಗ ಮಾಡತಿ ಅದು ನಿನಗ ಬಿಟ್ಟಿದ್ದು" ಅಂದರು. ಅದು ನನಗೆ ಬಿಟ್ಟದ್ದು. ಮುಂದೆ ಆದದ್ದರ ತಪ್ಪನ್ನು ನಾನು ಬಹಳ ದಿನ ಅವರ ತಲೆಗೆ ಕಟ್ಟಿ ನೋಡಿದೆ. ನಿಲ್ಲಲಿಲ್ಲ.

ಮಾಬೂಬಿ ಪರಿಚಯವಾದದ್ದು ಆ ವಾರವೇ, ಫೆಬ್ರುವರಿಯಲ್ಲಿ. ನಲವತ್ತರ ಆಸುಪಾಸಿನ ಹೆಂಗಸು, ಗಂಡ ತೀರಿಕೊಂಡಿದ್ದ, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮನೆ. ಒಬ್ಬಳೇ ಮಗಳು ರೇಷ್ಮಾ, ಹತ್ತನೇ ತರಗತಿ. ಶಾಲೆ ಬಿಟ್ಟ ಮೇಲೆ ತಾಯಿಯ ಹತ್ತಿರ ಬರುತ್ತಿದ್ದಳು, ಆದರೆ ಶೆಡ್ಡಿನ ಒಳಗೆ ಕಾಲಿಡುತ್ತಿರಲಿಲ್ಲ. ಗೇಟಿನಾಚೆ ಬೇವಿನ ಮರದ ಕೆಳಗೆ ದುಪಟ್ಟಾ ಮೂಗಿಗೆ ಒತ್ತಿಕೊಂಡು ಕೂರುತ್ತಿದ್ದಳು. ಉಸಿರಾಡಿದರೆ ಎದೆಯೊಳಗೆ ಸಣ್ಣಗೆ ಸೀಟಿ ಹೊಡೆದ ಹಾಗೆ ಸದ್ದು.

"ಇಕಿಗೆ ದಮ್ಮಿನ ತ್ರಾಸ ಐತ್ರಿ ಅಕ್ಕಾರ" ಅಂದಳು ಮಾಬೂಬಿ. "ಡಾಕ್ಟರ್ ಹೇಳ್ಯಾರ, ಈ ಧೂಳಿನಾಗ ಇಟ್ಟರ ಹುಡುಗಿ ಉಳಿಯೂದು ಕಷ್ಟ ಅಂತ. ಮನ್ಯಾಗೂ ಇದ ಧೂಳರಿ. ಉಳದ ಕಾಯಿ ಚೀಲ ಮನೀಗೆ ತರತೇವಿ, ರಾತ್ರಿ ಬಿಡಸ್ತೇವಿ. ಹಾಸಿಗ್ಯಾಗೂ ಮೆಣಸಿನಕಾಯಿ, ಅನ್ನದಾಗೂ ಮೆಣಸಿನಕಾಯಿ."

ಅವಳಿಗೆ ಇದ್ದದ್ದು ಒಂದೇ ಆಸೆ. ಮಗಳು ಹತ್ತನೆಯದು ಪಾಸಾಗಬೇಕು, ಹಾವೇರಿಯ ಸರಕಾರಿ ಹಾಸ್ಟೆಲ್ಲಿನಲ್ಲಿ ಒಂದು ಸೀಟು ಸಿಗಬೇಕು, ಅಲ್ಲಿದ್ದು ಪಿಯುಸಿ ಓದಬೇಕು. ಓದು ಎರಡನೆಯದು. ಮೊದಲನೆಯದು ಆ ಹುಡುಗಿ ಎರಡು ವರ್ಷ ಒಳ್ಳೆಯ ಗಾಳಿಯಲ್ಲಿ ಮಲಗಬೇಕು ಎನ್ನುವುದು.

ನನ್ನ ಫಾರ್ಮಿನಲ್ಲಿ ಒಂದು ಪ್ರಶ್ನೆ ಇತ್ತು, ಮಕ್ಕಳ ಮುಂದಿನ ಓದಿಗೆ ಏನು ನೆರವು ಬೇಕು ಅಂತ. ಅದನ್ನು ಕೇಳಿದ್ದೇ ಮಾಬೂಬಿಯ ಮುಖ ಅರಳಿತು. "ಹಾಸ್ಟೆಲ್ ಬೇಕ್ರಿ. ಬರಕೊಳ್ರಿ. ಹಾವೇರಿ ಹಾಸ್ಟೆಲ್ ಅಂತ ಬರೀರಿ." ಬರೆದುಕೊಂಡೆ. ಮರದ ಕೆಳಗೇ ಕೂತು ಬಟ್ಟೆಗೆ ಬೆರಳು ಒರೆಸಿಕೊಂಡಳು, ಹೆಬ್ಬೆಟ್ಟು ಒತ್ತಿದಳು. ಆಮೇಲೆ ನನ್ನ ಮುಖ ನೋಡಿದಳು.

"ಆತೇನ್ರಿ ಅಕ್ಕಾರ?"

"ಆತ್ರಿ ಚಾಚಿ" ಅಂದೆ.

ಆಗ ನನಗೆ ಗೊತ್ತಿತ್ತು. ಇದನ್ನು ಇಲ್ಲಿ ಬರೆಯುವಾಗಲೂ ಕೈ ಹಿಂಜರಿಯುತ್ತದೆ, ಆದರೂ ಬರೆಯಬೇಕು. ಅವಳು ಅದನ್ನು ಅರ್ಜಿ ಎಂದುಕೊಂಡಳೆಂದು ನನಗೆ ಆ ಕ್ಷಣವೇ ಗೊತ್ತಿತ್ತು. ದಿನವೂ ಒಪ್ಪಿಸುತ್ತಿದ್ದ ಪಾಠವನ್ನು ಅವತ್ತು ಒಪ್ಪಿಸಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಶೆಡ್ಡಿಗೆ ಹೋದರೆ ಹೆಂಗಸರು ಸಾಲಾಗಿ ನಿಂತಿದ್ದರು. ಮಾಬೂಬಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ಗಂಗವ್ವ ಕೂಡ ಬಂದು "ನಂದೊಂದು ಒತ್ತಸ್ಕೋ ತಂಗಿ" ಅಂದಳು. ಒಬ್ಬಳಿಗೆ ಪಿಂಚಣಿ, ಒಬ್ಬಳಿಗೆ ಮನೆ, ಒಬ್ಬಳಿಗೆ ಕಣ್ಣಿನ ಆಪರೇಷನ್ನು. ಎಲ್ಲವನ್ನೂ ಬರೆದುಕೊಂಡೆ. ಮೂರು ಭೇಟಿಯಲ್ಲಿ ಅರವತ್ತು ಹೆಬ್ಬೆಟ್ಟು. ಯಾಕೆ ಒಮ್ಮೆಲೇ ಬಂದಿರಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು, ಅದಕ್ಕೇ ಕೇಳಲಿಲ್ಲ.

ಮರುವಾರ ಮಾಬೂಬಿ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಒಳಗೆ ರೇಷ್ಮಾಳ ಆಧಾರ್ ಝೆರಾಕ್ಸು, ಜಾತಿ ಪ್ರಮಾಣಪತ್ರ, ಎರಡು ಫೋಟೊ. "ಇವನ್ನೂ ಹಚ್ಚಿ ಇಡ್ರಿ, ಆಮ್ಯಾಲೆ ಇಲ್ಲ ಅನ್ನಬಾರದು." ಬೇಡ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ಚೀಲ ತೆಗೆದುಕೊಂಡು ಅವಳ ಫಾರ್ಮಿನ ಹಿಂದೆ ಪಿನ್ನು ಹೊಡೆದೆ.

ಅದರ ಬದಲಿಗೆ ಎನ್ನುವಂತೆ ರೇಷ್ಮಾಳಿಗೆ ಗಣಿತ ಹೇಳಿಕೊಡತೊಡಗಿದೆ. ಮನಸ್ಸು ಹೀಗೆಲ್ಲ ಲೆಕ್ಕ ಹೊಂದಿಸಿಕೊಳ್ಳುತ್ತದೆ ನೋಡಿ. ಪರೀಕ್ಷೆಯ ತನಕ ವಾರಕ್ಕೆ ಎರಡು ದಿನ ಬೇವಿನ ಮರದ ಕೆಳಗೆ ನಾವಿಬ್ಬರೂ ಕೂರುತ್ತಿದ್ದೆವು. ಚುರುಕು ಹುಡುಗಿ. ಬೀಜಗಣಿತ ಅಂದರೆ ಅವಳಿಗೆ ಆಟ. ಲೆಕ್ಕ ತಪ್ಪಿದರೆ ತನ್ನ ತಲೆಗೆ ತಾನೇ ಮೊಟಕಿಕೊಂಡು ಉರ್ದುವಿನಲ್ಲಿ ಏನೋ ಬೈದುಕೊಳ್ಳುತ್ತಿದ್ದಳು. ಏನೆಂದು ಕೇಳಿದರೆ "ಹೇಳೂದಿಲ್ಲ ಹೋಗ್ರಿ" ಎಂದು ನಗುತ್ತಿದ್ದಳು, ನಗು ಜಾಸ್ತಿಯಾದರೆ ಉಸಿರು ಸಿಕ್ಕುತ್ತಿತ್ತು. ಆಗ ನಾವಿಬ್ಬರೂ ಸುಮ್ಮನೆ ಕೂತು ಅದು ಇಳಿಯುವುದನ್ನು ಕಾಯುತ್ತಿದ್ದೆವು. ಅವಳನ್ನು ನಾನು ತುಂಬ ಹಚ್ಚಿಕೊಂಡಿದ್ದೆ. ಅದರಲ್ಲಿ ಸುಳ್ಳಿರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂತು. ಮಾಬೂಬಿ ಫೋನು ಮಾಡಿ ಅಳುತ್ತಾ ನಗುತ್ತಾ ಹೇಳಿದಳು. "ಫಸ್ಟ್ ಕ್ಲಾಸ್ರಿ ಅಕ್ಕಾರ! ಸಾಲ್ಯಾಗ ಇಕೀದ ಹೆಚ್ಚು. ಹಾಸ್ಟೆಲ್‌ನ್ಯಾವರು ಯಾವಾಗ ಕರೀತಾರ್ರಿ?" ನಾನು ಆಗ ವರದಿಯ ಮೂರನೇ ಅಧ್ಯಾಯದಲ್ಲಿ ಮುಳುಗಿದ್ದೆ. "ಕರೀತಾರ್ರಿ ಚಾಚಿ, ಸ್ವಲ್ಪ ಟೈಮ್ ಹಿಡಿತೈತಿ" ಅಂದೆ. ಶಾಲೆಯಲ್ಲಿ ಯಾರಾದರೂ ಅರ್ಜಿ ಹಾಕಿಸಿರುತ್ತಾರೆ, ಮಕ್ಕಳೆಲ್ಲ ಹಾಕುವುದಿಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ವಿಚಾರಿಸಬಹುದಿತ್ತು. ಹಾಸ್ಟೆಲ್ಲು ನಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹಾಯುತ್ತಿದ್ದೆ.

ಜೂನ್ ಕೊನೆಗೆ ವರದಿ ಒಪ್ಪಿಸುವ ದಿನ ಗೊತ್ತಾಯಿತು. ಸಮುದಾಯದವರು ಒಬ್ಬರಾದರೂ ಸಭೆಯಲ್ಲಿ ಇರಬೇಕೆಂಬ ನಿಯಮ. ಮಾಬೂಬಿಗೆ ಫೋನು ಮಾಡಿದೆ. "ಚಾಚಿ, ಗುರುವಾರ ಹಾವೇರಿಗೆ ನಮ್ಮ ಕಾಲೇಜಿಗೆ ಬರ್ರಿ. ರೇಷ್ಮಾನ್ನೂ ಕರಕೊಂಡು ಬರ್ರಿ." ಪಾಸಾದ ಹುಡುಗಿಯನ್ನು ಎಲ್ಲರಿಗೂ ತೋರಿಸುವ ಚಪಲ ನನಗೆ. ಮಾಬೂಬಿ "ಅಲ್ಲಾ ನಿಮ್ಮನ್ನ ಚಲೋ ಇಡಲಿ" ಅಂದಳು. ಕಾಲೇಜಿಗೆ ಕರೆದದ್ದಕ್ಕೇ ಇಷ್ಟು ಸಂತೋಷ ಪಡುತ್ತಾಳಲ್ಲ ಪಾಪ, ಎಷ್ಟು ಮುಗ್ಧೆ ಎಂದುಕೊಂಡೆ.

ಗುರುವಾರ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಸೀರೆಯ ನಿರಿಗೆ ಎತ್ತಿಕೊಂಡು ಸಭಾಂಗಣದ ಬಾಗಿಲಿಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಮಾಬೂಬಿ ಮತ್ತು ರೇಷ್ಮಾ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಅವರ ಕಾಲ ಹತ್ತಿರ ಒಂದು ತಗಡಿನ ಟ್ರಂಕು, ಅದರ ಮೇಲೆ ಹಗ್ಗದಿಂದ ಬಿಗಿದ ಹಾಸಿಗೆಯ ಸುರುಳಿ. ಹಾಸಿಗೆ ನೆನೆಯಬಾರದೆಂದು ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರು. ಒಂದು ಚೀಲದಲ್ಲಿ ತಾಟು, ಲೋಟ, ಬಕೀಟು. ರೇಷ್ಮಾ ಹೊಸ ಚೂಡಿದಾರ ಹಾಕಿದ್ದಳು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು.

ನನ್ನ ಫೋನನ್ನು ಹಾಸ್ಟೆಲ್ಲಿನ ಕರೆ ಎಂದುಕೊಂಡು ಬಂದಿದ್ದಾರೆ ಎಂದು ತಿಳಿಯಲು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಗಲೂ ಹೇಳಬಹುದಿತ್ತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕೂಗಿದರು. ಹೋಗಿ ಇಪ್ಪತ್ತು ನಿಮಿಷ ಮಾತಾಡಿದೆ. ಧೂಳಿನಿಂದ ಬರುವ ಕಾಯಿಲೆ, ಹೆಣ್ಣುಮಕ್ಕಳ ಓದು, ಸೌಲಭ್ಯ ತಲುಪದಿರುವುದಕ್ಕೆ ಕಾರಣಗಳು. ನಾಲಗೆ ತಾನಾಗಿ ಓಡುತ್ತಿತ್ತು, ಕಣ್ಣು ಮಾತ್ರ ಹಿಂದಿನ ಸಾಲಿನಲ್ಲಿ ಕೂತ ಆ ಇಬ್ಬರ ಕಡೆ ಹೋಗದಂತೆ ಹಿಡಿದುಕೊಂಡಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ತಲೆದೂಗಿದರು. ಪಾಟೀಲ ಸರ್ ಹಿಗ್ಗಿನಿಂದ "ಆ ತಾಯಿನೂ ಬಂದಾರ, ಎರಡು ಮಾತು ಆಡ್ಲಿ" ಅಂದರು.

ಮಾಬೂಬಿ ಎದ್ದು ನಿಂತಳು. ಜೀವಮಾನದಲ್ಲಿ ಮೈಕು ಹಿಡಿದವಳಲ್ಲ, ಎರಡೂ ಕೈಯಿಂದ ಹಿಡಿದುಕೊಂಡಳು.

"ನಾ ಓದಿದಾಕಿ ಅಲ್ರಿ. ನಮ್ಮ ಕಡೆ ಭಾಳ ಮಂದಿ ಬಂದು ಬರಕೊಂಡು ಹೋಗ್ಯಾರ, ತಿರಗಿ ಯಾರೂ ಬಂದಿಲ್ಲ. ಈ ಅಕ್ಕಾರು ಮಾತ್ರ ಹಂಗ ಮಾಡಲಿಲ್ರಿ. ನನ್ನ ಮಗಳಿಗೆ ಹಾಸ್ಟೆಲ್ ಕೊಡಿಸ್ಯಾರ. ಇವತ್ತ ಬಿಟ್ಟು ಹೋಗಾಕ ಬಂದೇವ್ರಿ."

ಸಭಾಂಗಣ ತುಂಬ ಚಪ್ಪಾಳೆ. ಪರೀಕ್ಷಕರೂ ತಟ್ಟಿದರು. ಆ ಚಪ್ಪಾಳೆ ನಿಲ್ಲುವ ತನಕ ನಾನು ವೇದಿಕೆಯ ಮೇಲೆ ಕೈಕಟ್ಟಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ನನಗೆ ಅವತ್ತು ಹಾಗೆ ಕೇಳಿಕೊಳ್ಳುವ ಮುಖವೂ ಇರಲಿಲ್ಲ.

ಸಭೆ ಮುಗಿದದ್ದೇ ಆಟೊ ಹಿಡಿದು, ಟ್ರಂಕು ಹಾಕಿಕೊಂಡು ಹಾಸ್ಟೆಲ್ಲಿಗೆ ಕರೆದುಕೊಂಡು ಹೋದೆ. ಏನಾದರೂ ಪವಾಡ ನಡೆದೀತು ಎಂಬ ಹುಚ್ಚು. ವಾರ್ಡನ್ ಒಳ್ಳೆಯ ಹೆಂಗಸು, ಕೂರಿಸಿ ಅಂಕಪಟ್ಟಿ ನೋಡಿದರು. ಅರ್ಜಿಯ ಅವಧಿ ಮುಗಿದು, ಪಟ್ಟಿ ಹಚ್ಚಿ, ಸೀಟೆಲ್ಲ ತುಂಬಿ ವಾರ ಕಳೆದಿತ್ತು. "ಅರ್ಜಿ ಯಾಕ ಹಾಕಲಿಲ್ಲವಾ? ಈ ಮಾರ್ಕ್ಸಿಗೆ ಮೊದಲನೇ ಪಟ್ಟ್ಯಾಗ ನಿನ್ನ ಹೆಸರು ಬರತಿತ್ತಲ್ಲ" ಅಂದರು.

"ಹಾಕೇವ್ರಿ" ಅಂದಳು ಮಾಬೂಬಿ. "ಹೆಬ್ಬಟ್ಟ ಒತ್ತೇನಿ, ಕಾಗದ ಕೊಟ್ಟೇನಿ. ಅಕ್ಕಾರ್ನ ಕೇಳ್ರಿ."

ಮೂವರೂ ನನ್ನ ಕಡೆ ನೋಡಿದರು. "ಚಾಚಿ, ಅದು ಅರ್ಜಿ ಅಲ್ರಿ. ಅದು ನನ್ನ ಓದಿನ ಕಾಗದ" ಅಂದೆ. ಫೆಬ್ರುವರಿಯಲ್ಲಿ ಆಡಬೇಕಿದ್ದ ಮಾತು ಜೂನಿನಲ್ಲಿ ಬಾಯಿಂದ ಬಂತು.

ಆಮೇಲೆ ಹುಚ್ಚಿಯ ಹಾಗೆ ಓಡಾಡಿದೆ. ಕಚೇರಿಗೆ ಹೋದೆ, ಇನ್ನೊಂದು ಹಾಸ್ಟೆಲ್ಲಿಗೆ ಹೋದೆ, ಯಾರ ಯಾರದೋ ಮೇಜಿನ ಮುಂದೆ ನಿಂತು ಕೈಮುಗಿದೆ. ನಿಯಮ ನಿಯಮವೇ. ಪಾಟೀಲ ಸರ್‌ಗೆ ಫೋನು ಮಾಡಿದರೆ "ನೀ ಅಭ್ಯಾಸ ಮಾಡಾಕ ಹೋದಾಕಿ, ಸೀಟ್ ಕೊಡಸಾಕ ಹೋದಾಕಿ ಅಲ್ಲ. ಇಷ್ಟ ಮನಸ್ಸಿಗೆ ಹಚ್ಕೋಬ್ಯಾಡ" ಎಂದು ಸಮಾಧಾನ ಹೇಳಿದರು. ಹೋದಲ್ಲೆಲ್ಲ ತಾಯಿ ಮಗಳು ಟ್ರಂಕನ್ನು ಎರಡೂ ಕಡೆ ಹಿಡಿದುಕೊಂಡು ಮಳೆಯಲ್ಲಿ ನನ್ನ ಹಿಂದೆ ಬಂದರು.

ಸಂಜೆ ಬಸ್ ನಿಲ್ದಾಣದಲ್ಲಿ ಬ್ಯಾಡಗಿ ಬಸ್ಸಿಗೆ ಕಾಯುತ್ತಾ ಮೂವರೂ ಕೂತೆವು. ಇನ್ನೂ ಒಂದು ದಾರಿ ಇತ್ತು. ಕರ್ಜಗಿಯಲ್ಲಿ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯೇ ಇತ್ತು. ಗಿರಣಿ ಇದ್ದದ್ದು ಊರ ಮುಂದೆ, ಮನೆಯಲ್ಲಿ ಧೂಳಿರಲಿಲ್ಲ. ದಿನಾ ಬೆಳಿಗ್ಗೆ ನನ್ನ ಜೊತೆಗೇ ಬಸ್ಸಿನಲ್ಲಿ ಹಾವೇರಿಗೆ ಬಂದು ಓದಬಹುದಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಅವ್ವ ಏನೆನ್ನುತ್ತಾಳೆ, ಓಣಿಯವರು ಏನೆನ್ನುತ್ತಾರೆ, ಸಾಬರ ಹುಡುಗಿ, ಎರಡು ವರ್ಷದ ಮಾತು... ನುಂಗಿಕೊಂಡೆ. ಅವ್ವನನ್ನು ಕೇಳಿಯೂ ನೋಡಲಿಲ್ಲ.

ಬಸ್ಸು ಬಂತು. ಮಾಬೂಬಿ ಹತ್ತುವ ಮೊದಲು ತಿರುಗಿ "ನಿಮ್ಮ ಓದಿನ ಕಾಗದದ ಕೆಲಸ ಮುಗೀತೇನ್ರಿ ಅಕ್ಕಾರ?" ಎಂದು ಕೇಳಿದಳು. ಮುಗೀತ್ರಿ ಅಂದೆ. "ಚಲೋ ಆತು" ಅಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ. ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ನಾನು ಇಷ್ಟು ವರ್ಷ ಸ್ವಲ್ಪ ನಿದ್ದೆ ಮಾಡುತ್ತಿದ್ದೆ. ಆ ಪತ್ರಿಕೆಯಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಈಗಿನ ಕೆಲಸ ಸಿಕ್ಕಿದ್ದೂ ಅದೇ ವರದಿ ತೋರಿಸಿ.

ಚಹಾದಂಗಡಿಯವನು ಲೋಟ ಎತ್ತಿಕೊಂಡು ಹೋದ. ಎದ್ದು ಶೆಡ್ಡಿನ ಕಡೆ ನಡೆದೆ. ಈ ನಾಲ್ಕು ವರ್ಷ ನಾನು ಒಂದು ಮಾತಿನ ನೆರಳಿನಲ್ಲಿ ಬದುಕಿದ್ದೆ, ಅವರು ತಪ್ಪು ತಿಳಿದುಕೊಂಡರು ಅಂತ. ನನ್ನದೂ ತಪ್ಪೇ, ಆದರೆ ಅವರೂ ತಪ್ಪು ತಿಳಿದುಕೊಂಡರು. ಪಾಪ, ಓದು ಬಾರದವರು.

ಬಾಗಿಲ ಹತ್ತಿರವೇ ರೇಷ್ಮಾ ಕೂತಿದ್ದಳು. ಬಾಯಿಗೆ ಬಟ್ಟೆ ಬಿಗಿದಿದ್ದರೂ ಗುರುತು ಸಿಕ್ಕಿತು. ಮೈ ಇಳಿದಿತ್ತು, ಕಣ್ಣ ಕೆಳಗೆ ಕಪ್ಪು, ಬೆರಳುಗಳು ತಾಯಿಯ ಬೆರಳುಗಳ ಹಾಗೇ ಆಗಿದ್ದವು. ನನ್ನನ್ನು ನೋಡಿ ಎದ್ದು ಹೊರಗೆ ಬಂದಳು. ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಉಸಿರು ಸಿಕ್ಕಿ ಒಂದು ಗಳಿಗೆ ಕಂಬ ಹಿಡಿದು ನಿಂತಳು.

"ಅಮ್ಮಿಗೆ ಮೊಣಕಾಲು ಬ್ಯಾನಿರಿ. ಆಕಿ ಜಾಗಕ್ಕ ನಾ ಕುಂದ್ರಾಕತ್ತೇನಿ" ಅಂದಳು. "ಆರಾಮ ಅದೀರೇನ್ರಿ ಅಕ್ಕಾರ?"

ಆ ಮರ್ಯಾದೆಯ ಮಾತನ್ನು ತಡೆದುಕೊಳ್ಳಲಾಗಲಿಲ್ಲ. ಅನುಮತಿ ಪತ್ರ ಚೀಲದಲ್ಲೇ ಉಳಿಯಿತು. ಇಷ್ಟು ದಿನ ಒಳಗೇ ಇಟ್ಟುಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟೆ. "ರೇಷ್ಮಾ, ಅದು ಅರ್ಜಿ ಅಲ್ಲ ಅಂತ ನಾ ಅವತ್ತ ಹೇಳಬೇಕಿತ್ತವಾ. ನಿಮ್ಮ ಅಮ್ಮಿಗೆ ಗೊತ್ತಾಗಲಿಲ್ಲ, ನಾನು ಸುಮ್ಮನಾದೆ."

"ಅಮ್ಮಿಗೆ ಗೊತ್ತಾಗಲಿಲ್ಲ, ಖರೇ" ಅಂದಳು ರೇಷ್ಮಾ. "ನನಗ ಗೊತ್ತಿತ್ರಿ."

"ಏನ ಗೊತ್ತಿತ್ತು?" ಅಂದೆ.

"ನಾ ಹತ್ತನೇತ್ತೆ ಇದ್ದೆಲ್ರಿ, ಓದಾಕ ಬರತಿತ್ತು. ನೀವು ಬರಕೊಂಡಿದ್ದು ಅರ್ಜಿ ಅಲ್ಲ ಅಂತ ಅವತ್ತ ಮರದ ಕೆಳಗ ಓದೇನಿ."

"ಮತ್ತ ಸಾಲ್ಯಾಗ ಯಾಕ ಅರ್ಜಿ ಹಾಕಲಿಲ್ಲ? ಟ್ರಂಕ್ ಹೊತ್ಕೊಂಡು ಯಾಕ ಬಂದ್ರಿ?"

ಅವಳು ಬಾಯಿಯ ಬಟ್ಟೆ ಕೆಳಗೆ ಎಳೆದುಕೊಂಡಳು. ಸಿಟ್ಟಿರಲಿಲ್ಲ ಮುಖದಲ್ಲಿ.

"ನೀವು ಕರದಿದ್ರಲ್ರಿ. ಹಾಳ್ಯಾಗ ಏನರ ಬರದಿರಲಿ, ಅಕ್ಕಾರು ವಾರಾ ವಾರಾ ಬಾಜೂಕ ಕುಂತು ನನ್ನ ಉಸಿರು ನೋಡ್ಯಾರ, ಅವರು ಹೆಂಗರ ಮಾಡೇ ಮಾಡತಾರ ಅನ್ಕೊಂಡಿದ್ದೆ. ನಾ ಬ್ಯಾರೆ ಅರ್ಜಿ ಹಾಕಿದ್ರ ನಿಮ್ಮ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗತಿತ್ತಲ್ರಿ."

ಒಳಗಿನಿಂದ ಯಾರೋ ಅವಳನ್ನು ಕರೆದರು. "ಬರ್ತೇನ್ರಿ" ಎಂದು ಬಟ್ಟೆ ಮೇಲೇರಿಸಿ ಬಿಗಿದುಕೊಂಡು ಹೋದಳು. ನಾನು ಕಂಬದ ಹತ್ತಿರ ನಿಂತೇ ಇದ್ದೆ. ತಗಡಿನ ಕೆಳಗೆ ಒಬ್ಬರಾದ ಮೇಲೆ ಒಬ್ಬರು ಕೆಮ್ಮುತ್ತಿದ್ದರು. ಅಷ್ಟು ಜನರ ಕೆಮ್ಮಿನಲ್ಲಿ ಅವಳದು ಯಾವುದು ಎಂದು ನನಗೆ ಪ್ರತಿ ಸಲವೂ ತಿಳಿಯುತ್ತಿತ್ತು.